ಹಗೇವಿನಿಂದ ಪಿಗ್ಮಿಯವರೆಗೆ: ರೊಕ್ಕ ಕೈಯಲ್ಲಿ ನಿಲ್ಲಿಸಿದವರ ಇತಿಹಾಸ



ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಹೊರತರುತ್ತಿರುವ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನ ಬರೆಯಲೇಬೇಕೆಂದು ಅಧ್ಯಕ್ಷರು ಗಂಟುಬಿದ್ದರು. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತ. ಲೇಖನಿಗಿಂತ ಕುಂಟಿ ಹಿಡಿದ ರೂಢಿಯೇ ಹೆಚ್ಚು. ಸಂಘ ಹುಟ್ಟಿದ ಬಗೆ, ಸ್ವಂತ ಕಟ್ಟಡ ಎದ್ದ ಬಗೆ, ಷೇರು ಬಂಡವಾಳ ಬೆಳೆದ ಬಗೆ ಇವನ್ನೆಲ್ಲ ಹಿರಿಯರು ಬರೆಯುತ್ತಿದ್ದಾರೆ. ಅವರು ಬರೆದದ್ದನ್ನೇ ನಾನು ಮತ್ತೆ ಬರೆಯುವುದು ಬ್ಯಾಡ ಎಂದು ಬೇರೊಂದು ವಿಷಯ ಆರಿಸಿಕೊಂಡೆ. ನಾಲ್ಕು ಕಾಸು ಕೂಡಿಸಬೇಕೆಂದು ಹೊರಟವನು ಕಣ್ಣಿಗೆ ಕಂಡದ್ದನ್ನೆಲ್ಲ ಕೊಳ್ಳದೆ ಕೈ ಹ್ಯಾಂಗ ತಡೆದುಕೊಂಡ ಎಂಬುದೇ ಆ ವಿಷಯ.

"ಅದರಾಗ ಇತಿಹಾಸ ಏನೈತ್ರೀ? ಮನಸ್ಸು ಗಟ್ಟಿ ಇದ್ರ ಆತು" ಎಂದು ಒಬ್ಬ ನಿರ್ದೇಶಕ ಮಿತ್ರರು ನಕ್ಕರು. ಮನಸ್ಸು ಗಟ್ಟಿ ಇದ್ದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹಿಂದಿನಿಂದ ನೋಡಿಕೊಂಡು ಬಂದರೆ ಊರೂರು ಉಳಿತಾಯ ಮಾಡಿದ್ದು ಗಟ್ಟಿ ಮನಸ್ಸಿನಿಂದ ಅಲ್ಲ. ತಮ್ಮ ಮನಸ್ಸು ಗಟ್ಟಿ ಇಲ್ಲವೆಂದು ಒಪ್ಪಿಕೊಂಡವರು ರೊಕ್ಕಕ್ಕೂ ಆಸೆಗೂ ನಡುವೆ ಒಂದು ಗೋಡೆ ಕಟ್ಟಿದರು. ಆ ಗೋಡೆಗಳ ಕಥೆಯನ್ನೇ ನಾನು ಇಲ್ಲಿ ಬರೆಯಹೊರಟದ್ದು.

ಈ ವಿಷಯ ಸುಮ್ಮನೆ ಹೊಳೆದದ್ದಲ್ಲ. ಈಚೆಗೆ ನಮ್ಮ ಸಂಘದಲ್ಲಿ ಒಂದು ನಮೂನೆಯ ಅರ್ಜಿ ಹೆಚ್ಚಾಗಿವೆ. ಆರ್.ಡಿ. ಖಾತೆಯನ್ನು ಅವಧಿಗೆ ಮುಂಚೆ ಮುರಿದುಕೊಡಿ ಎಂಬ ಅರ್ಜಿ. ದವಾಖಾನೆಗೆ, ಮಕ್ಕಳ ಫೀಗೆ ಕೇಳುವವರ ಮಾತು ಬೇರೆ. ದೀಪಾವಳಿ ಹತ್ತಿರ ಬಂತೆಂದರೆ, ಮೊಬೈಲಿನಲ್ಲಿ ಸೇಲ್ ಬಂತೆಂದರೆ ಈ ಅರ್ಜಿಗಳು ಏಳುತ್ತವೆ. ಮಗಳ ಮದುವೆಗೆಂದು ತೆಗೆದ ಖಾತೆ ಗೋಡೆಯ ಮೇಲಿನ ದೊಡ್ಡ ಟಿ.ವಿ. ಆಗುತ್ತದೆ. ಬರುವ ವಾರ್ಷಿಕ ಮಹಾಸಭೆಗೆ ಒಂದು ಠರಾವು ಬರಲಿದೆ: ಖಾತೆ ಮುರಿಸುವ ನಿಯಮ ಸಡಿಲು ಮಾಡಬೇಕು, ಅರ್ಜಿ ಕೊಟ್ಟ ದಿನವೇ ರೊಕ್ಕ ಕೊಡಬೇಕು. ಅದನ್ನು ಚರ್ಚಿಸುವ ಮೊದಲು ಹಳೆಯದನ್ನು ಒಂದಿಷ್ಟು ತಿರುವಿಹಾಕುವುದು ಒಳ್ಳೆಯದೆಂದು ನನ್ನ ಭಾವನೆ.

ಮೊದಲು ನಮ್ಮ ಸೀಮೆಯ ಹಗೇವು ನೋಡಿರಿ. ಈಗಿನ ಹುಡುಗರು ಅದನ್ನು ಕಂಡಿರಲಿಕ್ಕಿಲ್ಲ. ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಒಣ ಹುಲ್ಲು, ಸೊಪ್ಪಿ ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲದ ಬುತ್ತಿ ಅದು. ತುಂಬುವುದಕ್ಕಿಂತ ತೆಗೆಯುವುದು ಕಷ್ಟ. ಬಾಯಿ ತೆರೆದ ಕೂಡಲೇ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಅವಸರಪಟ್ಟು ಇಳಿದು ಉಸಿರುಗಟ್ಟಿ ಸತ್ತವರಿದ್ದಾರೆ. ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಮೇಲೆತ್ತಲು ನಾಲ್ಕು ಆಳು ಬೇಕು. ಯಾರ ಹಗೇವು ತೆಗೆದರೆಂಬುದು ಊರಿಗೆಲ್ಲ ಗೊತ್ತಾಗುತ್ತದೆ.

ಸಂತೆಯಲ್ಲಿ ಏನೋ ಚೆಂದ ಕಂಡಿತೆಂದು ಯಾವನೂ ಹಗೇವು ತೆಗೆಯುತ್ತಿರಲಿಲ್ಲ. ಮನೆಯೊಳಗಿನ ಚೀಲದ ಜೋಳ ಹಂಗಲ್ಲ. ಬಾಗಿಲಿಗೆ ಬಳೆಗಾರ ಬಂದ, ಪ್ಯಾರಲ ಹಣ್ಣಿನವಳು ಬಂದಳು ಅಂದರೆ ಸೇರು ಜೋಳ ಹೊರಗೆ ಹೋಯಿತು. ಎರಡೂ ಒಂದೇ ಮನೆಯ ಜೋಳ, ಒಂದೇ ಮನೆಯ ಜನ. ಒಂದು ಕೈಗೆ ಸಿಗುತ್ತಿತ್ತು, ಇನ್ನೊಂದು ಸಿಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕುಂಬಾರ ಮಾಡಿದ ಮಣ್ಣಿನ ಕುಡಿಕೆಯೂ ಹಾಂಗೇ. ರೊಕ್ಕ ಹಾಕಲು ಸೀಳು ಉಂಟು, ತೆಗೆಯಲು ಬಾಯಿ ಇಲ್ಲ. ಒಡೆದರೆ ಸಪ್ಪಳ ಆಗುತ್ತದೆ, ಮನೆಮಂದಿಗೆಲ್ಲ ಕೇಳುತ್ತದೆ. ತಾಯಂದಿರು ಶೇಂಗಾ ರೊಕ್ಕ ಬಂದಾಗ ಬೋರಮಾಳಕ್ಕೆ ಒಂದು ಗುಂಡು ಸೇರಿಸುತ್ತಿದ್ದುದನ್ನು ಗಂಡಸರು ಹಣದ ಹಾಳು ಎನ್ನುತ್ತಿದ್ದರು. ಆದರೆ ಬಂಗಾರವನ್ನು ಅಂಗಡಿಗೆ ಒಯ್ದು ಒತ್ತಿ ಇಟ್ಟೋ ಮಾರಿಯೋ ರೊಕ್ಕ ಮಾಡಬೇಕೆಂದರೆ ನಾಲ್ಕು ಸಲ ವಿಚಾರ ಮಾಡಬೇಕಾಗುತ್ತದೆ. ಗಂಡಸರ ಕಿಸೆಯಲ್ಲಿದ್ದ ರೊಕ್ಕಕ್ಕೆ ಅಂಥ ಕಾವಲು ಇರಲಿಲ್ಲ. ಬರಗಾಲದಲ್ಲಿ ಎಷ್ಟೋ ಮನೆಗಳನ್ನು ಉಳಿಸಿದ್ದು ಆ ಬೋರಮಾಳವೇ.

ಇನ್ನು ದೊಡ್ಡ ಇತಿಹಾಸಕ್ಕೆ ಬರುತ್ತೇನೆ. ನಮ್ಮ ಕರಿಯ ಭೂಮಿಗೆ ಒಮ್ಮೆ ರೊಕ್ಕದ ಮಳೆಯೇ ಸುರಿದಿತ್ತು. 1861ರಲ್ಲಿ ಅಮೇರಿಕಾದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಯುದ್ಧ ಹತ್ತಿತು. ಅಲ್ಲಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸೀಮೆಯ ಗಿರಣಿಗಳಿಗೆ ಹೋಗುತ್ತಿದ್ದ ಅರಳೆ ನಿಂತುಹೋಯಿತು. ಗಿರಣಿ ಮಾಲೀಕರ ಕಣ್ಣು ಹಿಂದೂಸ್ತಾನದ ಹತ್ತಿಯ ಮೇಲೆ ಬಿತ್ತು. ಧಾರವಾಡ ಜಿಲ್ಲೆಯಲ್ಲಿ (ಗದಗ ಆಗ ಅದರೊಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ) 1840ರ ದಶಕದಿಂದಲೇ ಅಮೇರಿಕಾದ ಬೀಜ ತಂದು ಹುಬ್ಬಳ್ಳಿಯ ಆಸುಪಾಸಿನಲ್ಲಿ ಬೆಳೆದು ನೋಡಿದ್ದರು. ಅದು ನಮ್ಮ ಮಣ್ಣಿಗೆ ಹೊಂದಿಕೊಂಡು "ಧಾರವಾಡ-ಅಮೇರಿಕನ್" ಎಂದು ಹೆಸರಾಗಿತ್ತು. ಈ ಅರಳೆಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬಂದರು ಬೇಕೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಒಂದು ಬೆಳೆಗಾಗಿ ಜಿಲ್ಲೆಯನ್ನೇ ಆ ಕಡೆಯಿಂದ ಈ ಕಡೆ ಮಾಡಿದರೆಂದರೆ ಆಗಿನ ಹತ್ತಿಯ ಗತ್ತು ಎಷ್ಟಿತ್ತೆಂದು ನೀವೇ ತಿಳಿಯಿರಿ.

ದರ ಏರಿತು, ಕೈತುಂಬ ರೊಕ್ಕ ಬಂತು. ಅದಕ್ಕಿಂತ ಹೆಚ್ಚಾಗಿ ಸಾಹುಕಾರನ ಮನಸ್ಸು ದೊಡ್ಡದಾಯಿತು. ಹತ್ತಿ ಬಂಗಾರ ಆದಾಗ ಹತ್ತಿ ಬೆಳೆಯುವವನಿಗೆ ಸಾಲ ಇಲ್ಲ ಅನ್ನುವವರು ಯಾರು? ನಾಗಪುರದ ಕಡೆ ರೈತರು ಬೆಳ್ಳಿಯ ಕುಳ ಮಾಡಿಸಿದರು, ಬಂಡಿಯ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದರು ಎಂದು ಆ ಕಾಲದ ಒಬ್ಬ ಇಂಗ್ರೇಜಿ ಅಧಿಕಾರಿ ಬರೆದಿಟ್ಟಿದ್ದಾನೆ. ಎಷ್ಟು ಗಾಲಿಗೆ ಹಾಕಿಸಿದರೋ ಶಿವನೇ ಬಲ್ಲ. ದೊರೆಗಳು ರೈತನ ಬಂಡಿಯ ಬೆಳ್ಳಿಯನ್ನು ಬರೆದಷ್ಟು ಮುತುವರ್ಜಿಯಿಂದ ತಮ್ಮ ಕಂದಾಯವನ್ನು ಬರೆಯುವುದಿಲ್ಲ. ಆದರೆ ಮುಂಬಯಿಯ ದೊಡ್ಡ ದೊಡ್ಡ ಶೇಠರೇ ಆ ರೊಕ್ಕದ ಸೊಕ್ಕಿನಲ್ಲಿ ಸಮುದ್ರ ತುಂಬಿ ಜಾಗ ಮಾಡುವ ಕಂಪನಿಗಳ ಷೇರುಗಳಿಗೆ ಮುಗಿಬಿದ್ದು 1865ರಲ್ಲಿ ಮುಳುಗಿದರು. ಓದಿದವರ ಗತಿಯೇ ಹೀಗಾದ ಮೇಲೆ ಬಂಡಿಯವನನ್ನು ಏನು ಅನ್ನುವುದು?

1865ರಲ್ಲಿ ಅಮೇರಿಕಾದ ಯುದ್ಧ ಮುಗಿಯಿತು. ಹತ್ತಿ ದರ ಇಳಿಯಿತು. ಸಾಹುಕಾರ ಕೈ ಬಿಗಿ ಹಿಡಿದ, ಹಳೆಯ ಬಾಕಿ ಕೇಳತೊಡಗಿದ. ಅದೇ ಹೊತ್ತಿಗೆ ಪುಣೆಯ ಸುತ್ತಲಿನ ತಾಲೂಕುಗಳಲ್ಲಿ ಹೊಸ ಪೈಮಾಯಿಷಿ ಮಾಡಿ ಕಂದಾಯ ಏರಿಸಿದ್ದರು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಸಂತೆ ಊರಿನಲ್ಲಿ ರೈತರು ದಂಗೆ ಎದ್ದು ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಅವರು ಹುಡುಕಿದ್ದು ಸಾಲದ ಪತ್ರಗಳನ್ನು. ಸಿಕ್ಕ ಕಡೆಯಲ್ಲೆಲ್ಲ ಅವನ್ನು ಗುಡ್ಡೆ ಹಾಕಿ ಸುಟ್ಟರು. ಇದು ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಹಳ್ಳಿಗೆ ಹಬ್ಬಿತು. ಇತಿಹಾಸದಲ್ಲಿ ಇದಕ್ಕೆ ದಖ್ಖನ್ ದಂಗೆ ಎಂದು ಹೆಸರು. ಇದರ ಫಲವಾಗಿ 1879ರಲ್ಲಿ ರೈತರ ಪರಿಹಾರದ ಕಾಯಿದೆ ಬಂತು.

ದಂಗೆಯ ಕಾರಣ ವಿಚಾರಿಸಲು ಸರಕಾರ ಒಂದು ಆಯೋಗ ನೇಮಿಸಿತು. ಆ ಆಯೋಗದ ಒಂದು ಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಆಗಿನ ಅಧಿಕಾರಿಗಳೆಲ್ಲ ಹೇಳುತ್ತಿದ್ದುದು ಒಂದೇ: ಈ ರೈತರು ಮದುವೆ, ಮುಂಜಿಗೆ ಸುರಿದು ಕೆಟ್ಟರು. ಆಯೋಗ ಲೆಕ್ಕಪತ್ರ ತೆಗೆದು ನೋಡಿ, ಮದುವೆ ಖರ್ಚಿಗೆ ಕೊಡಬೇಕಾದ್ದಕ್ಕಿಂತ ಹೆಚ್ಚು ದೋಷ ಕೊಟ್ಟಿದ್ದಾರೆ ಎಂದಿತು. ಮದುವೆ ಎಂದೋ ಒಮ್ಮೆ ಬರುವುದು. ಸಾಲದ ಗುಡ್ಡ ಬೆಳೆದದ್ದು ಕಾಳುಕಡಿಗೆ, ಬೀಜಕ್ಕೆ, ಎತ್ತಿಗೆ, ಕಂದಾಯಕ್ಕೆ ಆಗಾಗ ತೆಗೆದ ಸಣ್ಣ ಸಣ್ಣ ಮೊತ್ತಗಳಿಂದ, ಅದರ ಮೇಲೆ ಏರುತ್ತ ಹೋದ ಬಡ್ಡಿಯಿಂದ. ಇವೆಲ್ಲ ಆಸೆಯ ಖರ್ಚಲ್ಲ, ಹೊಟ್ಟೆಯ ಖರ್ಚು. ಬಡವನಿಗೆ "ನೀ ದುಂದು ಮಾಡಿ ಕೆಟ್ಟಿ" ಎನ್ನುವ ಮೊದಲು ಈ ಮಾತು ನೆನಪಿರಬೇಕು. ಆದರೆ ಇದರಲ್ಲೇ ಇನ್ನೊಂದು ಪಾಠವೂ ಇದೆ. ದೊಡ್ಡ ಖರ್ಚು ಕಣ್ಣಿಗೆ ಬೀಳುತ್ತದೆ, ನಾಲ್ಕು ಮಂದಿ ಕೂತು ಮಾತಾಡುತ್ತಾರೆ. ಸಣ್ಣದು ಸಾಹುಕಾರನ ಕೀರ್ದಿಯಲ್ಲಿ ಒಂದು ಗೆರೆ ಮಾತ್ರ. ಇಂಥ ಗೆರೆಗಳೇ ಹೊಲ ತಿಂದವು.

ನಮ್ಮ ಅರಳೆ ಹೋಗುತ್ತಿದ್ದ ಮ್ಯಾಂಚೆಸ್ಟರಿನ ಮಗ್ಗುಲಲ್ಲೇ ರೋಚ್‌ಡೇಲ್ ಎಂಬ ಊರಿದೆ. ಸುಪೆಯ ದಂಗೆಗಿಂತ ಮೂವತ್ತು ವರ್ಷ ಮುಂಚೆ ಅಲ್ಲಿಯ ನೇಕಾರರೂ ಇದೇ ಉದ್ರಿಯ ಕಾಟದಲ್ಲಿದ್ದರು. ಕೂಲಿ ಕಡಿಮೆ, ಅಂಗಡಿಯಲ್ಲಿ ಉದ್ರಿ ಪುಸ್ತಕ. ಉದ್ರಿ ಇದ್ದವನು ತೂಕ ಕಮ್ಮಿ ಇದೆ, ಹಿಟ್ಟಿನಲ್ಲಿ ಬೆರಕೆ ಇದೆ ಎಂದು ಬಾಯಿ ಬಿಡುವಂತಿಲ್ಲ. ಇಪ್ಪತ್ತೆಂಟು ಜನ ಕೂಡಿ ವಾರಕ್ಕೆ ಎರಡೆರಡು ಪೆನ್ನಿ, ಆಮೇಲೆ ಮೂರು ಪೆನ್ನಿ ಕೂಡಿಸುತ್ತ 28 ಪೌಂಡು ಮಾಡಿದರು. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಓಣಿಯಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇಷ್ಟನ್ನೇ ಇಟ್ಟುಕೊಂಡು ಅಂಗಡಿ ತೆರೆದರು. ಇಂದು ಜಗತ್ತಿನ ಸಹಕಾರಿಗಳೆಲ್ಲ ಕೈಮುಗಿಯುವ ಅಂಗಡಿ ಅದು.

ಅವರ ನಿಯಮಗಳಲ್ಲಿ ಒಬ್ಬನಿಗೆ ಒಂದೇ ಮತ ಎಂಬುದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ರೋಖ ವ್ಯಾಪಾರ ಎಂಬ ನಿಯಮವನ್ನು ಹೇಳುವುದೇ ಇಲ್ಲ. ಸದಸ್ಯನೇ ಇರಲಿ, ಉದ್ರಿ ಇಲ್ಲ. ರೊಕ್ಕ ಇಟ್ಟು ಸಾಮಾನು ಒಯ್ಯಿ. ಬಡವರೇ ಕಟ್ಟಿದ ಅಂಗಡಿಯಲ್ಲಿ ಬಡವರಿಗೇ ಉದ್ರಿ ಇಲ್ಲವೆಂದರೆ ಕಠಿಣ ಅನ್ನಿಸಬಹುದು. ಆದರೆ ಎಣಿಸಿ ಕೊಡುವ ಕೈಗೆ ನೋವು ಗೊತ್ತಾಗುತ್ತದೆ, ಬರೆಸಿ ಒಯ್ಯುವ ಕೈಗೆ ಗೊತ್ತಾಗುವುದಿಲ್ಲ. ಇನ್ನೊಂದು ಜಾಣತನ ನೋಡಿರಿ. ಅವರು ಸಾಮಾನನ್ನು ಸೋವಿ ದರಕ್ಕೆ ಮಾರಲಿಲ್ಲ, ಪ್ಯಾಟಿ ದರಕ್ಕೇ ಮಾರಿದರು. ಬಂದ ಲಾಭವನ್ನು ಯಾರು ಎಷ್ಟು ಖರೀದಿ ಮಾಡಿದ್ದರೋ ಆ ಪ್ರಮಾಣದಲ್ಲಿ ಹಂಚಿದರು. ದಿನಾ ಒಂದು ಕಾಸು ಕಮ್ಮಿ ಕೊಟ್ಟರೆ ಆ ಕಾಸು ಸಂಜೆಯೊಳಗೆ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಕೂಡಿ ಒಮ್ಮೆಲೇ ಕೈಗೆ ಬಂದರೆ ಅದೊಂದು ಗಂಟು. ಆ ಗಂಟನ್ನು ಸಂಘದಲ್ಲೇ ಬಿಟ್ಟರೆ ಬಡ್ಡಿಯನ್ನೂ ಕೊಟ್ಟರು. ಕೂಲಿಯಲ್ಲಿ ಒಂದು ಪೆನ್ನಿ ಉಳಿಸಲಾಗದ ಮನೆಗಳಲ್ಲಿ ಹಿಟ್ಟು ಕೊಂಡೇ ಗಂಟು ಬೆಳೆಯಿತು.

ಜರ್ಮನಿಯ ರೈಫೈಸನ್ ಎಂಬವರ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ, ಸಹಕಾರ ತರಬೇತಿಗೆ ಹೋದವರೆಲ್ಲ ಕೇಳಿದ್ದೇ ಅದು. ಅವರು ಹಳ್ಳಿಗಳ ಮೇಯರ್ ಆಗಿದ್ದವರು. 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘ ಕಟ್ಟಿದರು. ಒಂದೇ ಊರಿನ, ಒಬ್ಬರನ್ನೊಬ್ಬರು ಬಲ್ಲ ಜನ ಅದರಲ್ಲಿರಬೇಕು. ಸಾಲ ಯಾವುದಕ್ಕೆಂದು ಹೇಳಿ ತೆಗೆಯಬೇಕು. ಎತ್ತಿಗೆಂದು ತೆಗೆದವನ ಕೊಟ್ಟಿಗೆಯಲ್ಲಿ ಎತ್ತು ಕಾಣಬೇಕು. ಕಾಣದಿದ್ದರೆ ನೋಡುವುದಕ್ಕೆ ಪಟ್ಟಣದಿಂದ ಇನ್‌ಸ್ಪೆಕ್ಟರ್ ಬರುವ ಅಗತ್ಯ ಇಲ್ಲ, ಬಾಜು ಮನೆಯವನೇ ಸಾಕು.

ಈ ಎರಡೂ ಕಡೆಯ ವಿಚಾರ ನಮ್ಮ ದೇಶಕ್ಕೆ ಬಂದದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಮೂಲಕ. ರೈತರು, ಕಸಬುದಾರರು, ಕಡಿಮೆ ವರಮಾನದವರು ಇವರಲ್ಲಿ ಏನನ್ನು ಬೆಳೆಸಲು ಕಾಯಿದೆ ಮಾಡಿದ್ದೇವೆಂದು ಅದರ ಪ್ರಸ್ತಾವನೆಯಲ್ಲೇ ಇದೆ. ಅಲ್ಲಿ ಮೊದಲು ಬರುವ ಶಬ್ದ ಸಾಲ ಅಲ್ಲ, ಮಿತವ್ಯಯ. ಸ್ವಸಹಾಯ, ಸಹಕಾರ ಇವು ಅದರ ನಂತರ. ನಾವು ಸಂಘಕ್ಕೆ ಸೇರುವಾಗ ಎಷ್ಟು ಸಾಲ ಸಿಗುತ್ತದೆಂದು ಕೇಳುತ್ತೇವೆ. ಕಾಯಿದೆ ಬರೆದವರು ಬೇರೆ ಕ್ರಮದಲ್ಲಿ ವಿಚಾರ ಮಾಡಿದ್ದರು.

ಕಾಯಿದೆ ಬಂದ ಮರುವರ್ಷವೇ, 1905ರ ಮೇ 8ರಂದು, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿ ಆಯಿತು. ನಮ್ಮ ನಾಡಿನ ಸಹಕಾರ ಚಳವಳಿಯ ತವರುಮನೆ ಅದು. ಪಾಟೀಲರು 1843ರಲ್ಲಿ ಹುಟ್ಟಿದವರು. ಹತ್ತಿಯ ಮಳೆ ಸುರಿದಾಗ ಅವರಿಗೆ ಇಪ್ಪತ್ತರ ವಯಸ್ಸು, ದರ ಬಿದ್ದದ್ದನ್ನೂ ನೋಡುವ ಪ್ರಾಯ. ಸಂಘ ಕಟ್ಟಿದಾಗ ಅರವತ್ತು ದಾಟಿತ್ತು. ಏರು ಇಳಿವು ಎರಡನ್ನೂ ಕಂಡ ಒಬ್ಬ ಹತ್ತಿ ಸೀಮೆಯ ಗೌಡರು ಮುಂದೆ ನಿಂತರೆಂಬುದು ಸುಮ್ಮನೆ ಆದದ್ದಲ್ಲವೆಂದು ನಾನು ತಿಳಿದಿದ್ದೇನೆ.

ಒಳ್ಳೆಯ ದಿನಗಳೇ ಅಪಾಯ ಎಂಬ ಮಾತನ್ನು ಲೆಕ್ಕ ಹಾಕಿ ತೋರಿಸಿದವರು ಪಂಜಾಬದ ಸಹಕಾರ ಇಲಾಖೆಯಲ್ಲಿದ್ದ ಮಾಲ್ಕಂ ಡಾರ್ಲಿಂಗ್ ಎಂಬ ಅಧಿಕಾರಿ. 1925ರಲ್ಲಿ ಅವರು ಪಂಜಾಬದ ರೈತರ ಏಳಿಗೆ ಮತ್ತು ಸಾಲದ ಬಗ್ಗೆ ಒಂದು ಪುಸ್ತಕ ಬರೆದರು. ಸಾಲ ಬಡತನದಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು. ಭೂಮಿಯ ಬೆಲೆ ಏರಿ, ಬೆಳೆಗೆ ದರ ಬಂದು, ರೈತನಿಗೆ ಪತ್ತು ಹೆಚ್ಚಾದಾಗಲೂ ಸಾಲ ಬೆಳೆಯುತ್ತದೆಂದು ಅವರು ತೋರಿಸಿದರು. ಪತ್ತು ಎಂದರೆ ಸಾಲ ಹುಟ್ಟುವ ಯೋಗ್ಯತೆ. ಅದು ಹೆಚ್ಚಾಯಿತೆಂದು ನಾವು ಎದೆ ಉಬ್ಬಿಸುತ್ತೇವೆ. ಅದೇ ಪಂಜಾಬದಲ್ಲಿ ಉತ್ತಮ ಜೀವನ ಸಂಘಗಳೆಂಬ ಸಹಕಾರ ಸಂಘಗಳೂ ಹುಟ್ಟಿದವು. ಸಾಲವನ್ನೇ ಕೊಡದ ಸಂಘಗಳು ಅವು. ಮದುವೆ, ಸಮಾರಂಭಕ್ಕೆ ಇಷ್ಟೇ ಖರ್ಚು ಎಂದು ಸದಸ್ಯರೇ ಕೂತು ಮಿತಿ ಹಾಕುವರು, ಮೀರಿದವನಿಗೆ ದಂಡ. ಮರ್ಯಾದೆಗೆ ಅಂಜಿ ಖರ್ಚು ಮಾಡುವವನಿಗೆ "ಸಂಘದ ನಿಯಮ ಐತಪ್ಪಾ, ನಾ ಏನ್ ಮಾಡ್ಲಿ" ಎಂದು ಬೀಗರ ಮುಂದೆ ಹೇಳಿ ತಪ್ಪಿಸಿಕೊಳ್ಳಲು ಒಂದು ದಾರಿ ಸಿಕ್ಕಿತು. ಉಪಾಯ ಒಳ್ಳೆಯದೇ. ಆದರೂ ನಮ್ಮ ಊರಿನಲ್ಲಿ ಸಂಘದವರು ಮದುವೆ ಪಂಕ್ತಿಯಲ್ಲಿ ಲಾಡು ಎಣಿಸುತ್ತ ನಿಂತರೆ ಮುಂದಿನ ಚುನಾವಣೆಯಲ್ಲಿ ಆಡಳಿತ ಮಂಡಳಿಯ ಗತಿ ಏನಾದೀತೆಂದು ಹೇಳಲಾರೆ.

ನಮ್ಮ ನಾಡಿನವರೇ ಕಟ್ಟಿದ ಗೋಡೆ ಎಂದರೆ ಪಿಗ್ಮಿ. ಉಡುಪಿಯಲ್ಲಿ 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಈ ಮೂವರು ಕೂಡಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಕೈಮಗ್ಗದ ಕಸಬು ನೆಲಕಚ್ಚಿದ್ದ ಕಾಲ, ನೇಕಾರರಿಗೆ ಆಸರೆಯಾಗಬೇಕೆಂಬುದೇ ಉದ್ದೇಶ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 1969ರಲ್ಲಿ ರಾಷ್ಟ್ರೀಕರಣವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಬ್ಯಾಂಕಿನ ಮನುಷ್ಯನೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಒಯ್ಯುವನು.

ಇದರ ಮರ್ಮ ಎರಡಾಣೆಯಲ್ಲಿ ಇಲ್ಲ, ಬರುವ ಮನುಷ್ಯನಲ್ಲಿ ಇದೆ. ಕೂಲಿಯವನು, ಹೂವಿನವಳು, ಚಹಾದಂಗಡಿಯವನು ಇವರಿಗೆ ರೊಕ್ಕ ದಿನಾ ಬರುತ್ತದೆ, ದಿನಾ ಹೋಗುತ್ತದೆ. ತಿಂಗಳ ಕೊನೆಗೆ ಉಳಿದದ್ದನ್ನು ಬ್ಯಾಂಕಿಗೆ ಕಟ್ಟು ಅಂದರೆ ಉಳಿಯುವುದೇ ಇಲ್ಲ. ಪಿಗ್ಮಿಯವನು ತಿಂಗಳ ಕೊನೆಯವರೆಗೆ ಕಾಯುವುದಿಲ್ಲ. ಸಂಜೆ ಗಲ್ಲಾದಲ್ಲಿ ರೊಕ್ಕ ಇರುವ ಹೊತ್ತಿಗೆ, ಅದು ಬೇರೆ ಕಡೆ ಹೋಗುವ ಮುಂಚೆ ಬಂದು ನಿಲ್ಲುತ್ತಾನೆ. ನಮ್ಮ ಸಂಘದ ಪಿಗ್ಮಿ ಕಲೆಕ್ಟರ್ ಬಂದಾಗ "ಇವತ್ತ ಇಲ್ಲೋ ತಮ್ಮಾ" ಎನ್ನಲು ಬಾಯಿ ಬರುವುದಿಲ್ಲವೆಂದು ಎಷ್ಟೋ ಅಂಗಡಿಯವರು ಹೇಳುತ್ತಾರೆ. ನಿನ್ನೆ ಕೊಟ್ಟಿರುತ್ತೇವೆ, ಬಾಜು ಅಂಗಡಿಯವನು ಈಗಷ್ಟೇ ಕೊಟ್ಟಿರುತ್ತಾನೆ. ಆ ಸಂಕೋಚವೇ ಉಳಿತಾಯ. ಬಿಸಿಲು ಮಳೆ ಎನ್ನದೆ ಓಣಿ ಓಣಿ ಸುತ್ತುವ ಈ ಹುಡುಗರಿಗೆ ನಮ್ಮ ವರದಿಗಳಲ್ಲಿ ಒಂದು ಸಾಲಿನ ಅಭಿನಂದನೆಯನ್ನಾದರೂ ಬರೆಯುವುದು ಲೇಸು.

ಸ್ವಾತಂತ್ರ್ಯದ ನಂತರದ ಸಂಗತಿ ನಿಮಗೆ ಗೊತ್ತಿದ್ದದ್ದೇ. 1951-52ರಲ್ಲಿ ದೇಶಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ನಡೆದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3.1 ಮಾತ್ರ ಇತ್ತು. ಸಿಂಹಪಾಲು ಸಾಹುಕಾರರದೇ. ಆ ಮೇಲೆ ಸಂಘಗಳು ಬೆಳೆದವು, ಬ್ಯಾಂಕುಗಳು ಹಳ್ಳಿಗೆ ಬಂದವು, ಉದ್ರಿ ಪುಸ್ತಕದ ಹಿಡಿತ ಸಡಿಲಾಯಿತು. ಸೈಕಲ್ಲು, ರೇಡಿಯೋ, ಕೈಗಡಿಯಾರ ಒಂದೊಂದೇ ಊರಿಗೆ ಬಂದವು. ನಮ್ಮ ತಂದೆಯವರ ಕಾಲದಲ್ಲಿ ಒಂದು ರೇಡಿಯೋ ತರಬೇಕೆಂದರೆ ಎರಡು ಸುಗ್ಗಿ ಮಾತಾಡುತ್ತಿದ್ದರು. ರೊಕ್ಕ ಕೂಡಬೇಕು, ಪ್ಯಾಟಿಗೆ ಹೋಗಬೇಕು, ಬಸ್ಸಿಗೆ ಕಾಯಬೇಕು. ಅಷ್ಟರಲ್ಲಿ ಅರ್ಧ ಆಸೆ ತಾನೇ ಇಳಿಯುತ್ತಿತ್ತು. ಇಳಿಯದೆ ಉಳಿದದ್ದು ನಿಜವಾಗಿ ಬೇಕಾದದ್ದು.

ಆಮೇಲೆ ಕಂತು ಬಂತು, ಬಡ್ಡಿ ಇಲ್ಲದ ಕಂತು ಎಂಬ ಬೋರ್ಡೂ ಬಂತು. ಸೊನ್ನೆ ಬಡ್ಡಿ ಎಂಬುದು ಬರೀ ಹೆಸರು, ಬಡ್ಡಿಯನ್ನು ಬೇರೆ ಬೇರೆ ಶುಲ್ಕದಲ್ಲಿ ಅಡಗಿಸುತ್ತಾರೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಆ ನಮೂನೆಯ ಯೋಜನೆ ಕೂಡದೆಂದು ಹೇಳಿತು. 2016ರಲ್ಲಿ ಯು.ಪಿ.ಐ. ಶುರುವಾಯಿತು. ಅದರಿಂದ ಆದ ಉಪಕಾರ ಸಣ್ಣದಲ್ಲ. ಹುಬ್ಬಳ್ಳಿಯಲ್ಲಿ ಓದುವ ಮಗನಿಗೆ ನಿಂತ ನಿಲುವಿನಲ್ಲಿ ರೊಕ್ಕ ಕಳಿಸಬಹುದು, ಅಡತಿಯಿಂದ ಬರುವಾಗ ಕಿಸೆ ಕತ್ತರಿಸುವವರ ಅಂಜಿಕೆ ಇಲ್ಲ. ಆದರೆ ರೋಚ್‌ಡೇಲಿನವರು ಎಣಿಸಿ ಕೊಡುವ ಕೈ ಬೇಕೆಂದು ಹಟ ಹಿಡಿದಿದ್ದರಲ್ಲ, ಆ ಎಣಿಕೆಯೇ ಈಗ ಇಲ್ಲ. ರೋಖ ಕೊಟ್ಟರೂ ಉದ್ರಿ ಬರೆಸಿದಂತೆಯೇ, ಕೈಗೆ ಏನೂ ತಿಳಿಯುವುದಿಲ್ಲ. ಸಂತೆಯಾದರೂ ವಾರಕ್ಕೊಮ್ಮೆ ಬರುತ್ತಿತ್ತು. ಮೊಬೈಲಿನ ಸಂತೆ ಹಾಸಿಗೆಗೇ ಬಂದಿದೆ, ಮಧ್ಯರಾತ್ರಿಯೂ ಎದ್ದು ಹೋಗುವುದಿಲ್ಲ. ಅದನ್ನು ನಡೆಸುವವರು ನಮ್ಮ ಬಳೆಗಾರನಂತೆ ಬಾಗಿಲಲ್ಲಿ ಕೂಗಿ ಮುಂದಿನ ಓಣಿಗೆ ಹೋಗುವವರಲ್ಲ. ಯಾರಿಗೆ ಏನು ಬೇಕಾದೀತೆಂದು ಲೆಕ್ಕವಿಟ್ಟು ಕೂತವರು.

ಇಲ್ಲಿ ಒಂದು ಮಾತು. ಖರ್ಚು ಮಾಡುವುದೆಲ್ಲ ದುಂದು ಎಂದು ನಾನು ಹೇಳುತ್ತಿಲ್ಲ. ಕಳೆದ ವರ್ಷ ಒಬ್ಬ ಸದಸ್ಯರು "ಹೆಂಗಸರಿಗೆ ರೊಕ್ಕ ಸಿಕ್ರ ಮಿಕ್ಸಿ ತರ್ತಾರ" ಎಂದು ಸಭೆಯಲ್ಲಿ ನಗೆಯಾಡಿದರು. ವರ್ಷಗಟ್ಟಲೆ ಒಳಕಲ್ಲಿನಲ್ಲಿ ಖಾರ ರುಬ್ಬಿದವಳು ಮಿಕ್ಸಿ ಕೊಂಡರೆ ಅದು ಕ್ಷಣದ ಆಸೆ ಅಲ್ಲ, ಬಹಳ ತಡವಾಗಿ ಬಂದ ನ್ಯಾಯ. ಮುರಿದ ಖಾತೆಗಳ ಅರ್ಜಿ ತೆಗೆದು ನೋಡಿದರೆ ಹೊಸ ಮೊಬೈಲು, ಬೈಕಿಗೆ ಮೇಲಿನ ರೊಕ್ಕ ಎಂದು ಬರೆದ ಅಕ್ಷರ ಬಹುಪಾಲು ಗಂಡಸರದೇ ಇದೆ. ಮಹಿಳಾ ಸಂಘದವರ ಖಾತೆ ಮುರಿಯುವುದು ಅಪರೂಪ. ಅವರು ವಾರಕ್ಕೊಮ್ಮೆ ಎಲ್ಲರ ಮುಂದೆ ಕೂತು ಕಟ್ಟುತ್ತಾರೆ, ಮುರಿಯಬೇಕಾದರೂ ಎಲ್ಲರ ಮುಂದೆ ಕೇಳಬೇಕು. ಅವರದು ಹಗೇವಿನ ಪದ್ಧತಿ.

ಇನ್ನು ಠರಾವಿನ ವಿಷಯ. ಸಂಘದಲ್ಲಿ ರೊಕ್ಕ ತೆಗೆಯಲು ತಡ ಆಗುತ್ತದೆಂಬ ದೂರು ನಿಜ. ನಮ್ಮದೇ ರೊಕ್ಕಕ್ಕೆ ನಾವೇ ಅರ್ಜಿ ಹಿಡಿದು ನಿಲ್ಲಬೇಕೆ ಎಂದು ಯುವಕರು ಕೇಳುವುದರಲ್ಲಿ ಸಿಟ್ಟು ಇದೆ, ಸಿಟ್ಟಿಗೆ ಕಾರಣವೂ ಇದೆ. ದವಾಖಾನೆಯಲ್ಲಿ ರೋಗಿಯನ್ನು ಮಲಗಿಸಿ ಬಂದವನಿಗೆ ಮುಂದಿನ ಸಭೆಯವರೆಗೆ ಕಾಯಿರಿ ಅನ್ನುವುದು ಸಹಕಾರ ಅಲ್ಲ, ಅಮಾನುಷ. ಅಂಥವರಿಗೆ ಅದೇ ದಿನ, ಬೇಕಾದರೆ ರಜೆಯ ದಿನವೂ ಬಾಗಿಲು ತೆರೆದು ಕೊಡಬೇಕು. ಶಾಲೆ ಕಾಲೇಜಿನ ಫೀಗೂ ಹಾಗೆಯೇ. ಉಳಿದ ಕಾರಣಗಳಿಗೆ ಅರ್ಜಿಗೂ ರೊಕ್ಕಕ್ಕೂ ನಡುವೆ ಹದಿನೈದು ದಿನ ಇರಲಿ, ಏತಕ್ಕೆಂದು ಸ್ವಂತ ಅಕ್ಷರದಲ್ಲಿ ಬರೆಯಲಿ, ಗಂಡನ ಅರ್ಜಿಗೆ ಹೆಂಡತಿಯ, ಹೆಂಡತಿಯ ಅರ್ಜಿಗೆ ಗಂಡನ ಸಹಿ ಇರಲಿ ಎಂಬುದು ನನ್ನ ತಿದ್ದುಪಡಿ. ಹದಿನೈದು ದಿನ ಆದ ಮೇಲೂ ಬೇಕೆಂದರೆ ಒಂದು ಮಾತೂ ಆಡದೆ ಕೊಡಬೇಕು, ರೊಕ್ಕ ಅವರದೇ.

ಇದನ್ನು ಎಲ್ಲರೂ ಒಪ್ಪಲಿಕ್ಕಿಲ್ಲ. ಆಡಳಿತ ಮಂಡಳಿಯಲ್ಲೇ ಎರಡು ಅಭಿಪ್ರಾಯ ಇವೆ. ಹದಿನೈದು ದಿನ ಹೆಚ್ಚಾಯಿತು, ಎಂಟು ಸಾಕು ಅನ್ನುವವರಿದ್ದಾರೆ. ಹೀಗೆ ಬಿಗಿ ಮಾಡಿದರೆ ಠೇವಣಿದಾರರು ಸಂಘ ಬಿಟ್ಟು ಬೇರೆ ಕಡೆ ಹೋಗುತ್ತಾರೆ ಎಂಬ ಅಂಜಿಕೆಯೂ ಇದೆ, ಅದು ಸುಳ್ಳೆಂದು ನಾನು ಹೇಳಲಾರೆ. ಠರಾವು ಮತ್ತು ತಿದ್ದುಪಡಿ ಎರಡರ ಪ್ರತಿಗಳನ್ನೂ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದೆ. ಸದಸ್ಯರು ಓದಿ, ಮನೆಯಲ್ಲೂ ಓದಿಸಿ, ಹೇಳುವುದೇನಿದ್ದರೂ ಸಭೆಗೆ ಮುಂಚೆ ಬರೆದು ಕೊಡಬೇಕಾಗಿ ವಿನಂತಿ.